ಮೊದಲಿನ ಮೂರು ಹಾಸಿಗಿ

ಮಳಿಗಾಲ ಸುರು ಆತಂದ್ರ ನಮ್ಮ ಬನಹಟ್ಟಿ ಕಡೆ ಮನಿಮನಿಗೂ ನೆಗಡಿ, ಕೆಮ್ಮು, ಜ್ವರ. ಮನ್ಯಾಗ ಬಂದ ಜ್ವರಕ್ಕ ನಾವು ಹೆಣ್ಣಮಕ್ಕಳು ಅಷ್ಟೇನೂ ಅಂಜೂದಿಲ್ಲ. ಮೆಣಸು-ಜೀರಿಗಿ ಕಷಾಯ, ಮೆತ್ತನ್ನ ಅನ್ನ, ಬೆಚ್ಚನ್ನ ಹೊದಿಕಿ, ಇಳಿಲಿಲ್ಲ ಅಂದ್ರ ಡಾಕ್ಟರ ಕಡೆ. ಆದ್ರ ಜ್ವರ ಬಂದದ್ದು ದೂರ ಹಾಸ್ಟೆಲ್ಲಿನ್ಯಾಗ ಇರೂ ಕೂಸಿಗೆ ಅಂದ್ರ ಎದಿ ಧಸಕ್ ಅಂತೈತಿ. ಈಗ ನಮ್ಮ ಕಡೆ ಎಷ್ಟೋ ಮನಿ ಮಕ್ಕಳು ಹೊರಗಿದ್ದು ಕಲೀತಾರ. ನವೋದಯ, ಮೊರಾರ್ಜಿ ದೇಸಾಯಿ ಶಾಲಿ, ಕಿತ್ತೂರ ರಾಣಿ ಚೆನ್ನಮ್ಮ ಶಾಲಿ, ಮಠದ ಬೋರ್ಡಿಂಗ್, ಒಂದಿಲ್ಲ ಒಂದು. "ಹಾಸ್ಟೆಲ್ಲಿನ್ಯಾಗ ಹತ್ತು ಹುಡುಗ್ರಿಗೆ ಜ್ವರ ಬಂದೈತಂತ" ಅನ್ನೂ ಮಾತು ಕಿವಿಗೆ ಬಿದ್ರ ಸಾಕು, ತಾಯಿ ಆದಾಕಿ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ನಡದಿರ್ತಾಳ.

ಕರಕೊಂಡು ಬರೂದು ಚಲೋನೋ, ಅಲ್ಲೇ ಬಿಡೂದು ಚಲೋನೋ? ಈ ಮಾತು ನಾವು ಜ್ವರ ಬಂದ ದಿನಾ ವಿಚಾರ ಮಾಡ್ತೀವಿ. ಅವತ್ತು ತಲಿ ನೆಟ್ಟಗ ಓಡೂದಿಲ್ಲ. ಅದಕ್ಕ ಇವತ್ತು ಉಪ್ಪಿನಕಾಯಿ, ಸಂಡಿಗಿ ಬದಿಗಿಟ್ಟು ಹಿಂದ ನಡದ ಎರಡು-ಮೂರು ಸಂಗತಿ ಹೇಳ್ತೇನಿ. ಹಿಂದಿನ ಮಂದಿ ಪಟ್ಟ ಕಷ್ಟದಾಗ ನಮಗ ಬೇಕಾದ ಉತ್ತರ ಅರ್ಧ ಐತಿ.

ಮೊದಲನೇದು ನಮ್ಮ ಹೊಳಿ ಹುಟ್ಟೂ ಗುಡ್ಡದ್ದು. ನಮ್ಮ ರಬಕವಿ-ಬನಹಟ್ಟಿ ಮಗ್ಗಲಕ್ಕ ಹರಿಯೂ ಕೃಷ್ಣಾ ಹುಟ್ಟೂದು ಮಹಾರಾಷ್ಟ್ರದ ಸಾತಾರಾ ಜಿಲ್ಲೆ ಮಹಾಬಳೇಶ್ವರದಾಗ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಈಚೆ ಪಂಚಗಣಿ ಅಂತ ಗುಡ್ಡದ ಮ್ಯಾಲಿನ ಸಣ್ಣ ಊರು. ತಂಪು ಹವಾ ಅಂತ ಬ್ರಿಟಿಷರ ಕಾಲದಾಗ ಬೆಳದ ಊರು ಅದು. ಅದರ ಜೋಡಿನ ಬೋರ್ಡಿಂಗ್ ಶಾಲಿಗೋಳೂ ಬೆಳದ್ವು. ದೇಶದ ಮೂಲಿಮೂಲಿಯಿಂದ ಅಲ್ಲೆ ಮಕ್ಕಳು ಬರ್ತಾರ.

2009ನೇ ಇಸ್ವಿ ನೆನಪು ಮಾಡ್ಕೋರಿ. ಹಂದಿ ಜ್ವರ ಅಂತ ಊರ ತುಂಬ ಸುದ್ದಿ. ಹೆಸರು ಹಂದಿದಾದ್ರೂ ಮನಷ್ಯಾರಿಂದ ಮನಷ್ಯಾರಿಗೆ ಹಬ್ಬೂ ಹೊಸಾ ಫ್ಲೂ ಅದು, ಎಚ್1ಎನ್1 ಅಂತಾರ. ಆ ವರ್ಷದ ಏಪ್ರಿಲ್‌ದಾಗ ಮೆಕ್ಸಿಕೋ, ಅಮೆರಿಕಾ ಕಡೆ ಗೊತ್ತಾತು. ಮೇ ತಿಂಗಳದಾಗ ನಮ್ಮ ದೇಶದ ಮೊದಲನೇ ರೋಗಿ ಹೈದರಾಬಾದಿನ್ಯಾಗ ಸಿಕ್ಕ. ಜೂನ್ 11ಕ್ಕ ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೆಲ್ಲಾ ಹಬ್ಬಿದ ಮಹಾಮಾರಿ ಅಂತ ಸಾರಿತು. ಆಗ ಎಲ್ಲಾರ ಕಣ್ಣು ವಿಮಾನ ನಿಲ್ದಾಣದ ಮ್ಯಾಲ ಇತ್ತು. ಪರದೇಶದಿಂದ ಇಳಿದವರ ಜ್ವರ ನೋಡೂದೇ ನೋಡೂದು.

ಅದೇ ಹೊತ್ತಿಗೆ ಪಂಚಗಣಿಯ ಒಂದು ವಸತಿ ಶಾಲಿಯೊಳಗ ಮಕ್ಕಳು ಸಾಲುಹಿಡಿದು ಮಲಗಾಕ ಹತ್ತಿದ್ರು. ಜೂನ್ 24ರಿಂದ ಜುಲೈ 30ರತನಕ ಆ ಶಾಲಿಯ ಜ್ವರದ ತಪಾಸಣಿ ನಡೀತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಸಾಲಿ ಮಂದಿದೆಲ್ಲಾ ರಕ್ತ ತಗದು ನೋಡಿದ್ರು. ಶಾಲಿಯೊಳಗ ಒಟ್ಟು 415 ಮಂದಿ. ಅದರಾಗ 295 ಮಂದಿಗೆ ಫ್ಲೂ ನಮೂನಿ ಜ್ವರ ಬಂದಿತ್ತು. ಅಂದ್ರ 100ಕ್ಕ 71 ಮಂದಿ. ಅದರಾಗ ಹೊಸಾ ಎಚ್1ಎನ್1 ಅಂತ ಲೆಕ್ಕಕ್ಕ ಹಿಡದದ್ದು 176 ಮಂದಿ.

ಈ ಲೆಕ್ಕದಾಗ ನನಗ ಮೂರು ಮಾತು ದೊಡ್ಡು ಅನಿಸಿದ್ವು.

ಒಂದು, 82 ಮಂದಿದು ಗಂಟಲದ್ರವ ತಗದು ತಪಾಸಿದ್ರ ಹೊಸಾ ವೈರಸ್ ಸಿಕ್ಕದ್ದು ಬರೇ 15 ಮಂದ್ಯಾಗ. ಅದೇ ರಕ್ತ ನೋಡಿದಾಗ 216 ಮಂದಿ ಮೈಯಾಗ ಈ ಜ್ವರದ ಗುರುತು ಇತ್ತು. ಗಂಟಲದಾಗ ವೈರಸ್ ಇರೂದು ನಾಕೈದು ದಿನದ ಮಾತು, ರಕ್ತದಾಗ ಅದರ ಗುರುತು ಬಾಳ ದಿನ ಉಳಿತೈತಿ. ಅದಕ್ಕ "ಟೆಸ್ಟಿನ್ಯಾಗ ಏನೂ ಬಂದಿಲ್ಲ" ಅಂದಕೂಡ್ಲೆ ಜ್ವರದ ಹುಡುಗನ್ನ ಎದ್ದು ಕ್ಲಾಸಿಗೆ ಹೋಗಂತ ಅನಬಾರದು.

ಎರಡು, ರಕ್ತದಾಗ ಗುರುತು ಇದ್ದವರು ಹೊಸಾ ಎಚ್1ಎನ್1 ಲೆಕ್ಕಕ್ಕ ಸಿಕ್ಕವರಗಿಂತ ಹೆಚ್ಚು. ಅಂದ್ರ ಜಡ್ಡು ಬಿದ್ದು ಮಲಗದವರಿಗೂ ಒಂದಿಷ್ಟು ಮಂದಿಗೆ ತಾಗಿ ಹೋಗಿತ್ತು ಅಂತ ತಿಳಿಬಹುದು. ಗಟ್ಟಿಮುಟ್ಟಾಗಿ ಆಡೂ ಹುಡುಗ ಸೈತ ಹಂಚವ ಇರಬಹುದು.

ಮೂರನೇದು ಎಲ್ಲಾಕ್ಕಿಂತ ದೊಡ್ಡ ಮಾತು. ಶಾಲಿಯೊಳಗ 100ಕ್ಕ 52 ಮಂದಿ ರಕ್ತದಾಗ ಗುರುತು ಇತ್ತು. ಹೊರಗಿನ ಜನರ ರಕ್ತ ನೋಡಿದ್ರ 100ಕ್ಕ 9 ಮಂದ್ಯಾಗ ಅಷ್ಟ. ಒಂದೇ ಗುಡ್ಡ, ಅದೇ ಗಾಳಿ, ಅದೇ ಮಳಿ. ಗೇಟಿನ ಒಳಗ 52, ಹೊರಗ 9.

ಆಗಸ್ಟ್ 3ಕ್ಕ ಪುಣೆಯೊಳಗ 14 ವರ್ಷದ ಒಬ್ಬ ಶಾಲಿ ಹುಡುಗಿ ತೀರ್ಕೊಂಡ್ಲು. ಈ ಜ್ವರಕ್ಕ ನಮ್ಮ ದೇಶದಾಗ ಹೋದ ಮೊದಲನೇ ಜೀವ ಅದು. ಆಮ್ಯಾಲ ಪುಣೆ, ಮುಂಬೈ ಶಾಲಿ ಬಾಗಲಾ ಹಾಕಿದ್ರು, ಮಂದಿ ಮಾರಿಗೆ ಕರವಸ್ತ್ರ ಕಟಗೊಂಡ್ರು. ಪಂಚಗಣಿಯ ಮಕ್ಕಳು ಅದಕ್ಕೂ ಮೊದಲೇ ಆ ಜ್ವರ ಉಂಡು ಎದ್ದಿದ್ರು.

ವಸತಿ ಶಾಲಿಯೊಳಗ ಯಾಕ ಹಿಂಗ ಹಬ್ಬತೈತಿ? ನಮ್ಮ ಊರ ಶಾಲಿ ಹುಡುಗ ಸಂಜೀಕ ಮನಿಗೆ ಬರ್ತಾನ. ಹಾಸ್ಟೆಲ್ ಹುಡುಗರು ಹಂಗಲ್ಲ. ಉಣ್ಣೂದು, ಓದೂದು, ಜಳಕ, ನಿದ್ದಿ ಎಲ್ಲಾ ಅದೇ 40 ಮಂದಿ ಕೂಡ. ಮುಂಜಾನೆ ಕೆಮ್ಮಿದವನ ಮಗ್ಗಲಕ್ಕ ರಾತ್ರಿ ಮಲಗಬೇಕು. ಫ್ಲೂ ಹಬ್ಬೂದು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಹಾರೂ ಹನಿಯಿಂದ, ಆಮ್ಯಾಲ ಅದು ಹತ್ತಿದ ಕೈಯಿಂದ. ತಾಗಿದ ಮ್ಯಾಲ ಜ್ವರ ಬರಾಕ ಒಂದರಿಂದ ನಾಕು ದಿನ ಸಾಕು. ಅದಕ್ಕಿಂತ ಹೆಚ್ಚಿಂದಂದ್ರ ಜ್ವರ ಕಾಣೂ ಒಂದು ದಿನ ಮೊದಲೇ ಆ ಹುಡುಗ ಹಂಚಾಕ ಸುರು ಮಾಡಿರ್ತಾನ.

ಇದು ಎಷ್ಟು ಜಲ್ದಿ ಆಗತೈತಿ ಅಂತ ತಿಳಿಯಾಕ ಇನ್ನೊಂದು ಶಾಲಿಗೆ ಹೋಗೂಣು. ಇದು ಇಂಗ್ಲೆಂಡಿನ ಗಂಡು ಹುಡುಗರ ಬೋರ್ಡಿಂಗ್ ಶಾಲಿ. 1978ರ ಜನವರಿ. 10ರಿಂದ 18 ವರ್ಷದ 763 ಹುಡುಗರು. ಸೂಟಿ ಮುಗಿಸಿ ಎಲ್ಲಾರೂ ಶಾಲಿಗೆ ಬಂದಿದ್ರು. ಹಾಂಗ್‌ಕಾಂಗಿನಿಂದ ಬಂದ ಒಬ್ಬ ಹುಡುಗನಿಗೆ 15ರಿಂದ 18ನೇ ತಾರೀಖಿನತನಕ ಸಣ್ಣ ಜ್ವರ ಬಂದು ಹೋತು. 22ನೇ ತಾರೀಖು, ಆಯಿತವಾರ, ಮೂರು ಹುಡುಗರು ಹಾಸಿಗಿ ಹಿಡದ್ರು.

ಮರುದಿನ 8. ಅದರ ಮರುದಿನ 26. ಆಮ್ಯಾಲ 76. ಐದನೇ ದಿನ 225. ಆರನೇ ದಿನ 298 ಹುಡುಗರು ಹಾಸಿಗ್ಯಾಗ. ಅಲ್ಲಿಂದ ಇಳಕೋತ ಬಂದು 14ನೇ ದಿನಕ್ಕ 4 ಮಂದಿ ಉಳದ್ರು. ಒಟ್ಟು 512 ಹುಡುಗರು ಮಲಗಿ ಎದ್ರು.

ನಮ್ಮೂರಾಗ ಮಗ್ಗ ನೋಡಿದವರಿಗೆ ಇದು ತಟ್ಟನೆ ತಿಳಿತೈತಿ. ಹಾಸಿನ ಒಂದು ಎಳಿ ಹರದಾಗ ಮಗ್ಗ ನಿಂದ್ರಿಸಿ ಗಂಟು ಹಾಕಿದ್ರ ಸೀರಿ ಉಳಿತೈತಿ. ಒಂದು ಎಳಿ ಅಲ್ಲೇನು ಅಂತ ಬಿಟ್ರ ಅದು ಮಗ್ಗಲ ಎಳಿಗೆ ಸುತಗೊಂಡು ಗೇಣು ಅಗಲ ಕೆಡಸತೈತಿ. 225 ಹಾಸಿಗಿ ತುಂಬಿದ ದಿನ ಯಾವ ಡಾಕ್ಟರನೂ ಏನೂ ತಡಿಯಾಕ ಆಗೂದಿಲ್ಲ, ಬಿದ್ದವರನ್ನ ಜ್ವಾಕಿ ಮಾಡೂದು ಅಷ್ಟ. ತಡಿಯೂ ಕೆಲಸ ಇರೂದು ಮೂರು ಹಾಸಿಗಿ ದಿನ.

ಆ ಇಂಗ್ಲೆಂಡ್ ಶಾಲಿ ಲೆಕ್ಕದಾಗ ಇನ್ನೊಂದು ಮಾತು ಐತಿ. ಹುಡುಗರ ಕೂಡ ಓಡ್ಯಾಡಿದ ದೊಡ್ಡವರು ಸುಮಾರು 130 ಮಂದಿ. ಅವರೊಳಗ ಅದೇ ನಮೂನಿ ಜಡ್ಡು ಬಿದ್ದಾಕಿ ಒಬ್ಬಾಕಿ ಮಾತ್ರ. ಆಕಿ ಹುಡುಗರನ್ನ ನೋಡಕೊಳ್ಳೂ ಮೇಟ್ರನ್.

ಬಾಕಿ ದೊಡ್ಡವರು ಯಾಕ ಉಳದ್ರು ಅಂದ್ರ, ಆ ಜಾತಿ ಫ್ಲೂ 1957ರತನಕ ಜಗತ್ತಿನ್ಯಾಗ ಓಡ್ಯಾಡಿ ಕಾಣದಂಗ ಆಗಿತ್ತು, 1977ರಾಗ ಮತ್ತ ಬಂತು. ದೊಡ್ಡವರ ಮೈ ಅದನ್ನ ಮೊದಲೇ ಕಂಡಿತ್ತು, ಹುಡುಗರು ಹುಟ್ಟಿದ್ದೇ ಆಮ್ಯಾಲ. ಅಲ್ಲಿ 630 ಹುಡುಗರಿಗೆ ಹಿಂದಿನ ಅಕ್ಟೋಬರದಾಗ ಫ್ಲೂ ಲಸಿಕಿ ಹಾಕಿಸಿದ್ರು, ಆದ್ರೂ ಇಷ್ಟು ಹಬ್ಬಿತು. ಫ್ಲೂ ವೇಷ ಬದಲಸ್ತೈತಿ, ಲಸಿಕಿ ಅದಕ್ಕ ಹೊಂದಬೇಕು. ಈಗ ವರ್ಷಾ ಹೊಸಾ ಲಸಿಕಿ ಮಾಡೂದು ಅದಕ್ಕ. ಅದು ಕೋಟಿ ಗ್ವಾಡಿ ಅಲ್ಲ, ಆದ್ರ ಜೀವಕ್ಕ ಬರೂದನ್ನ ಕಡಿಮಿ ಮಾಡ್ತೈತಿ. ದಮ್ಮು, ಸಕ್ಕರಿ ಕಾಯಿಲೆ, ಹೃದಯದ ತ್ರಾಸ ಇದ್ದವರು, ಮಕ್ಕಳ ನಡುವ ಕೆಲಸ ಮಾಡವರು ಡಾಕ್ಟರನ್ನ ಕೇಳಿ ಹಾಕಿಸಿಕೊಳ್ಳೂದು ಚಲೋ.

ಮೇಟ್ರನ್ ಮಾತು ಓದಿದಾಗ ನನಗ 1918 ನೆನಪಾತು. ನಮ್ಮ ಆಯಿ-ಮುತ್ಯಾರ ಕಾಲ. ಆಗ ನಮ್ಮ ಸುತ್ತಲ ಊರು ಜಮಖಂಡಿ, ಸಾಂಗಲಿ ಪಟವರ್ಧನರ ಸಂಸ್ಥಾನದಾಗ ಇದ್ವು, ಸುತ್ತಲೂ ಮುಂಬಯಿ ಇಲಾಖೆ. ಮೊದಲನೇ ಮಹಾಯುದ್ಧದ ಕಡೀ ವರ್ಷ. ಜೂನಿನ್ಯಾಗ ಮುಂಬೈ ಬಂದರದ ಕಡೆಯಿಂದ ಒಂದು ಜ್ವರ ಬಂತು, ಹಗರಕ್ಕ ಹೋತು. ಸಪ್ಟೆಂಬರದಾಗ ಮತ್ತ ಬಂತು, ಈ ಸಲ ಹಗರಕ್ಕ ಹೋಗಲಿಲ್ಲ. ಅಕ್ಟೋಬರ್ 6ರ ಒಂದೇ ದಿನ ಮುಂಬೈ ಶಹರದಾಗ 768 ಮಂದಿ ಸತ್ರು. ರೈಲು ಹೋದಲ್ಲೆಲ್ಲಾ ಜ್ವರ ಹೋತು. ಮುಂಬಯಿ ಇಲಾಖೆಯೊಳಗ 10 ಲಕ್ಷ, ಹಿಂದುಸ್ಥಾನದಾಗ ಕಮ್ಮಿ ಹಿಡದ್ರೂ 1 ಕೋಟಿ 20 ಲಕ್ಷ ಜೀವ ಹೋದ್ವು. ಆ ವರ್ಷ ಮಳಿನೂ ಕೈಕೊಟ್ಟಿತ್ತು, ಹೊಟ್ಟಿಗೆ ಇಲ್ಲದ ಮೈಗೆ ಜ್ವರ ಬಂತು.

ಹಿಂದುಸ್ಥಾನದಾಗ ಆ ಜ್ವರಕ್ಕ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ರು. ಆಗಿನ ಆರೋಗ್ಯ ಅಧಿಕಾರಿಗಳೂ ಈ ಮಾತು ಬರದಿಟ್ಟಾರ. ಮನಿ ಮಂದಿಗೆ ನೀರು ಕೊಡಾಕಿ, ವಾಂತಿ ಬಳಿಯಾಕಿ, ರಾತ್ರಿ ಎಚ್ಚರ ಕೂಡ್ರಾಕಿ ಹೆಣ್ಣಮಗಳು. ಕಡೀಕ ಉಣ್ಣಾಕಿನೂ ಆಕಿನ. ತಾನು ಬಿದ್ದಾಗ ಆಕಿಗೆ ನೀರು ಕೊಡಾಕ ಯಾರೂ ಎದ್ದಿರಲಿಲ್ಲ. 1918ಕ್ಕೂ 1978ಕ್ಕೂ 60 ವರ್ಷದ ಅಂತರ, ಎರಡೂ ಕಡೆ ಆರೈಕಿ ಮಾಡೂ ಕೈಗೇ ಜ್ವರ ಹತ್ತಿತು. ಹಾಸ್ಟೆಲ್ ಜ್ವರ ತಡೀಬೇಕಂದ್ರ ಮಕ್ಕಳ ಜೋಡಿನ ಈ ಕೈಗೋಳನ್ನೂ ಕಾಯಬೇಕು.

1918ಕ್ಕಿಂತ 20 ವರ್ಷ ಮೊದಲು ನಮ್ಮ ಕಡೆ ಪ್ಲೇಗ್ ಬಂದಿತ್ತು. 1896ರಾಗ ಮುಂಬೈಗೆ ಬಂದು ಆಮ್ಯಾಲ ಧಾರವಾಡ, ಬೆಳಗಾವಿ ಕಡೆ ಎಲ್ಲಾ ಹಬ್ಬಿತು. ಆಗ ಮಂದಿ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರು. ಇಲಿ ಬಿದ್ದ ಮನಿ ಬಿಡಬೇಕು ಅನ್ನೂ ಬುದ್ಧಿ ನಮ್ಮ ಹಿರ್ಯಾರ ರಕ್ತದಾಗ ಇಳೀತು. ಅದು ಪ್ಲೇಗಿಗೆ ಖರೇನೂ ಹೌದು, ಯಾಕಂದ್ರ ಗಡ್ಡಿ ಪ್ಲೇಗ್ ತರೂದು ಇಲಿಯ ಮೈಮ್ಯಾಲಿನ ಚಿಗಟ. ಮನಿ ಬಿಟ್ರ ಇಲಿ, ಚಿಗಟ ಹಿಂದ ಉಳೀತಾವ. ಫ್ಲೂ ಇರೂದು ಮನಷ್ಯಾನ ಗಂಟಲದಾಗ. ಅದನ್ನ ಬಿಟ್ಟು ಓಡಾಕ ಬರೂದಿಲ್ಲ, ಹೊತಗೊಂಡ ಓಡ್ತೀವಿ. ಹಾಸ್ಟೆಲ್ಲಿನ್ಯಾಗ ಜ್ವರ ಎದ್ದ ಮ್ಯಾಲ 300 ಮಕ್ಕಳನ್ನ ಒಂದೇ ದಿನ ಮನಿಗೆ ಕಳಿಸಿದ್ರ 300 ಮನಿ ಬಾಗಲಾ ತಗದಂಗ. ಪಂಚಗಣಿಯ ಗೇಟಿನ ಹೊರಗಿನ ಆ 9 ನೆನಪು ಮಾಡ್ಕೋರಿ.

ಹೋದ ವರ್ಷ ನಮ್ಮ ತಂಗಿ ಫೋನ್ ಮಾಡಿದ್ಲು. ಆಕಿ ಮಗಳು ವಸತಿ ಶಾಲಿಯೊಳಗ 7ನೇತ್ತಾ. ಶಾಲಿ ಹೆಸರು ಬ್ಯಾಡ.

"ಅಕ್ಕಾ, ಹಾಸ್ಟೆಲ್ಲಿನ್ಯಾಗ ಜ್ವರ ಎದ್ದೈತಂತ. ಸುರು ಆಗಿ ನಾಕು ದಿನಾ ಆಗ್ಯಾವ, ಇವತ್ತು ಹೇಳ್ಯಾರ. ಹೋಗಿ ಕರಕೊಂಡು ಬರ್ಲೇನ?"

"ಮಗಳಿಗೆ ಜ್ವರ ಐತೇನ?"

"ಇನ್ನೂ ಇಲ್ಲಂತ."

"ಮನ್ಯಾಗ ನಿಮ್ಮ ಅತ್ತಿಯವರಿಗೆ ದಮ್ಮು. ಸೊಸಿ ಬಾಣಂತಿ. ಎಲ್ಲೆ ಮಲಗಸ್ತೀ ಆಕಿನ್ನ?"

ತಂಗಿ ಸುಮ್ಮನಾದ್ಲು. ನಾ ಹೇಳಿದೆ, ಮೊದಲ ವಾರ್ಡನ್ ಅಕ್ಕಾರನ್ನ ಕೇಳು, ಜ್ವರ ಬಂದ ಹುಡುಗ್ಯಾರನ್ನ ಬ್ಯಾರೆ ಖೋಲಿಯೊಳಗ ಇಟ್ಟಾರೇನು, ಡಾಕ್ಟರ ಬಂದು ನೋಡ್ಯಾರೇನು, ದಿನಾ ಸಂಜೀಕ ಮಗಳ ಕೂಡ ಮಾತಾಡಸ್ತಾರೇನು. ಮೂರಕ್ಕೂ ಹೌದು ಅಂದ್ರ ಬಿಡು, ಇಲ್ಲಂದ್ರ ನಾನೂ ನಿನ್ನ ಕೂಡ ಬರ್ತೇನಿ. ಮೂರಕ್ಕೂ ಹೌದು ಅಂದ್ರು. ಆಕಿ ಕೂಸಿಗೆ ಮೂರನೇ ದಿನಕ್ಕ ಜ್ವರ ಬಂತು, ಅಲ್ಲೇ ಮಲಗಿ ಎದ್ಲು. ಮನಿ ಮುದುಕಿಗೂ ಕೂಸಿಗೂ ಏನೂ ಆಗಲಿಲ್ಲ. ಆದ್ರ ನಾಕು ದಿನಾ ಬಾಯಿ ಮುಚ್ಚಿಕೊಂಡಿದ್ದ ಆ ಶಾಲಿ ಮ್ಯಾಲ ನನಗ ಇನ್ನೂ ಸಿಟ್ಟು ಐತಿ. ತಾಯಂದ್ರು ಬಸ್‌ಸ್ಟ್ಯಾಂಡಿಗೆ ಓಡೂದು ಜ್ವರಕ್ಕ ಅಂಜಿ ಅಲ್ಲರಿ, ಮುಚ್ಚಿಟ್ಟಾರ ಅನ್ನೂ ಅಂಜಿಕಿಗೆ. ಮೊದಲನೇ ದಿನಾನ ಖರೆ ಹೇಳಿದ ಶಾಲಿ ಮಾತು ನಾವು ಕೇಳ್ತೀವಿ.

ಹಂಗಂದ್ರ ಮೂರು ಹಾಸಿಗಿ ದಿನ ಶಾಲಿಯೊಳಗ ಏನೇನು ಆಗಬೇಕು? ಡಾಕ್ಟರರು ಹೇಳೂ ಮಾತು ನಮ್ಮ ಮನಿ ಭಾಷಾದಾಗ ಹೇಳ್ತೇನಿ.

ದಿನಾ ಮುಂಜಾನೆ ಹಾಜರಿ ಹಿಡಿಯೂ ಹೊತ್ತಿನ್ಯಾಗ ಜ್ವರ, ಕೆಮ್ಮು ಯಾರಿಗೈತಿ ಅಂತ ಕೇಳಿ ಒಂದು ವಹಿಯೊಳಗ ಬರೀಬೇಕು. ಒಂದೇ ಖೋಲಿಯೊಳಗ ಮೂರು ಹೆಸರು ಬಂದ್ರ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ತಿಳಸಬೇಕು.

ಜಡ್ಡಿನವರಿಗೆ ಒಂದು ಖೋಲಿ ಮೊದಲೇ ಖಾಲಿ ಇರಬೇಕು, ಆದ್ರ ಬ್ಯಾರೆ ಸಂಡಾಸ ಸೈತ. ಆ ಖೋಲಿ ಶಿಕ್ಷಾ ಆಗಬಾರದು. ಅಲ್ಲೆ ಒಬ್ಬಾರೆ ದೊಡ್ಡವರು ಇರಬೇಕು, ಇಲ್ಲಂದ್ರ ಮಕ್ಕಳು ಜ್ವರ ಮುಚ್ಚಿಡತಾವ. ಜ್ವರದ ಗುಳಿಗಿ ಇಲ್ಲದ ಪೂರಾ ಒಂದು ದಿನ ಜ್ವರ ಬರದಂಗ ಇದ್ದ ಮ್ಯಾಲ ಹೊರಗ ಬಿಡೂದು.

ಉಳದವರ ಹಾಸಿಗಿ ಆದಷ್ಟು ದೂರ ಎಳೀಬೇಕು. ಜಾಗಾ ಇಲ್ಲಂದ್ರ ಒಬ್ರ ತಲಿ ಇದ್ದ ಕಡೆ ಮಗ್ಗಲಿನವರ ಕಾಲು ಬರೂಹಂಗ ಮಲಗಸಬೇಕು. ರೊಕ್ಕ ಬೇಕಿಲ್ಲ, ಮಾರಿಗೆ ಮಾರಿ ದೂರ ಆಗತಾವ. ಥಂಡಿ ಅಂತ ಕಿಡಕಿ ಜಡಿಯಬಾರದು. ನೀರಿನ ಕೊಡಕ್ಕ ಒಂದೇ ಗ್ಲಾಸು ಬ್ಯಾಡ, ಒಂದೇ ಟಾವೆಲ್ ಬ್ಯಾಡ. ಪಂಗತಿ ಎರಡು-ಮೂರು ಮಾಡಿ ಉಣಸಬೇಕು, ಕೈ ತೊಳಿಯೂ ಕಡೆ ಸಾಬಾಣ ಇರಲೇಬೇಕು.

ಆರೈಕಿ ಮಾಡೂ ಅಕ್ಕಗ ಮಾಸ್ಕ್ ಕೊಡಬೇಕು, ಆಕಿ ಅಡಗಿಮನಿ ಕೆಲಸಾ ಆ ವಾರ ಮಾಡಬಾರದು. ಅಡಗಿ ಮಾಡೂ ಅಕ್ಕಗೋಳಿಗೆ ಜ್ವರ ಬಂದ್ರ ಪಗಾರ ಕಡೀದ ಸೂಟಿ ಕೊಡಬೇಕು. ಪಗಾರ ಹೋಗತೈತಿ ಅಂತ ಅಂಜಿ ಆಕಿ ಕೆಮ್ಮಕೋತ ರೊಟ್ಟಿ ಬಡದ್ರ 300 ಮಂದಿಗೆ ಬಡಿಸಿದಂಗ. ಎಷ್ಟೋ ಕಡೆ ಮರತ ಬಿಡೂದು ಈ ಮಾತನ್ನ.

ಔಷಧದ್ದು ಡಾಕ್ಟರ ಹೇಳಿದಂಗ. ಫ್ಲೂ ಗುಳಿಗಿ ಒಸೆಲ್ಟಾಮಿವಿರ್ ಎರಡು ದಿನದ ಒಳಗ ಸುರು ಮಾಡಿದ್ರ ಹೆಚ್ಚು ಗುಣ, ಆದ್ರ ಎಲ್ಲಾ ಮಕ್ಕಳಿಗೂ ಅದು ಬೇಕಿಲ್ಲ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಕೊಡಾಕ ಹೋಗಬ್ಯಾಡ್ರಿ, ಫ್ಲೂ ಜ್ವರದಾಗ ಅದು ಮಿದುಳಿಗೆ, ಯಕೃತ್ತಿಗೆ ಘಾತ ಮಾಡಬಹುದು. ಉಸರ ಜೋರ ಎಳಿಯಾಕ ಹತ್ತಿದ್ರ, ತುಟಿ ನೀಲಿ ಆದ್ರ, ನೀರು ಸೈತ ಕುಡೀದಿದ್ರ, ಮಂಕಾಗಿ ಬಿದ್ರ, ಜ್ವರ ಇಳಿದು ಮತ್ತ ಜೋರ ಏರಿದ್ರ ಆ ಹೊತ್ತಿಗೇ ದವಾಖಾನಿ.

ತಾಯಂದ್ರಿಗೂ ಎರಡು ಮಾತು. ಸೂಟಿ ಮುಗಿಸಿ ಹಾಸ್ಟೆಲ್ಲಿಗೆ ಹೋಗೂ ದಿನ ಮಗೂಗ ಮೈ ಬೆಚ್ಚಗಿದ್ರ ಎರಡು ದಿನ ತಡದು ಕಳಿಸ್ರಿ. ಪಾಠ ಹೋಗತೈತಿ ಅಂತ ಗುಳಿಗಿ ಕೊಟ್ಟು ಬಸ್ ಹತ್ತಿಸಬ್ಯಾಡ್ರಿ. ಇಂಗ್ಲೆಂಡಿನ್ಯಾಗ ಆ ಸಣ್ಣ ಜ್ವರದ ನಾಕು ದಿನದ ಮ್ಯಾಲ ಮೂರು ಹಾಸಿಗಿ ತುಂಬಿದ್ದು ನೋಡಿದ್ವಲ್ಲ. ಮತ್ತ ಶಾಲಿಗೆ ಹೆಸರು ಹಚ್ಚೂ ಮುಂದ ನಾವು ಊಟ ಏನು, ರಿಸಲ್ಟ್ ಎಷ್ಟು ಅಂತ ಕೇಳ್ತೀವಿ. ಅದರ ಕೂಡ ಜಡ್ಡಿನವರ ಖೋಲಿ ಎಲ್ಲೈತಿ ತೋರಸ್ರಿ ಅಂತನೂ ಕೇಳ್ರಿ. ತೋರಸಾಕ ಖೋಲಿ ಇಲ್ಲದ ಶಾಲಿಯವರು, ನಾಕು ಮಂದಿ ತಾಯಂದ್ರು ಕೇಳಿದ್ರ ಐದನೇಯಾಕಿ ಬರೂದರೊಳಗ ಒಂದು ಖೋಲಿ ಖಾಲಿ ಮಾಡಿರ್ತಾರ.

ಜ್ವರ ಬರೂದು ಯಾರ ಕೈಯಾಗೂ ಇಲ್ಲ. 3 ಹಾಸಿಗಿ 298 ಆಗೂದನ್ನ ತಡಿಯೂದು ಮಾತ್ರ ಮುಂಜಾನೆ ಮಕ್ಕಳ ಹಣಿ ಮುಟ್ಟಿ ನೋಡೂ ಆ ಅಕ್ಕನ ಕೈಯಾಗ ಐತಿ. ಮುಂದಿನ ಸಲ ಹಾಸ್ಟೆಲ್ಲಿಗೆ ಹೋದಾಗ ಮಗೂಗ ಉಂಡಿ, ಚಕ್ಕುಲಿ ಕೊಟ್ಟು ಬರೂ ಮುಂದ, ಆಕಿಗೂ ನಾಕು ಉಂಡಿ ಕೊಟ್ಟು, ನಿಮ್ಮ ಆರಾಮ ಹೆಂಗೈತಿರಿ ಅಕ್ಕಾರ ಅಂತ ಕೇಳಿ ಬರ್ರಿ.